ಬ್ರೇಕಣ್ಣನ ಕೆಂಪು ಗುರುತು

ಬ್ರೇಕಣ್ಣನಿಗೆ ಆ ಹೆಸರು ಇಟ್ಟವರು ಯಾರು ಎಂದು ಕೇಳಿದರೆ ಲಾಂಡ್ರಿ ಕಂಪನಿಯ ಇಪ್ಪತ್ತೆರಡು ಡ್ರೈವರುಗಳೂ "ನಾನೇ" ಎನ್ನುತ್ತಾರೆ. ಹೆಸರು ಯಾಕೆ ಬಂತು ಎಂಬುದರಲ್ಲಿ ಮಾತ್ರ ಯಾರಿಗೂ ಜಗಳವಿಲ್ಲ. ವ್ಯಾನುಗಳ ಮುಂದಿನ ಗಾಜಿಗೆ ಅಂಟಿಸಿರುವ ಡ್ಯಾಶ್‌ಕ್ಯಾಮುಗಳಿಂದ ಬರುವ ಕ್ಲಿಪ್ಪುಗಳನ್ನು ನೋಡುವುದು ಅವನ ಕೆಲಸ. ಕೈಕಟ್ಟಿ ಕೂತು ನೋಡುವ ಜಾಯಮಾನ ಅವನದಲ್ಲ. ಪರದೆಯ ಮೇಲೆ ಯಾವುದೋ ವ್ಯಾನಿಗೆ ಲಾರಿಯೊಂದು ಅಡ್ಡ ಬಂತೆನ್ನಿ, ಮೇಜಿನ ಕೆಳಗೆ ಇವನ ಬಲಗಾಲು ಧಡ್ಡನೆ ನೆಲ ಒತ್ತುತ್ತದೆ. ಆ ಲಾರಿ ಅಡ್ಡ ಬಂದು ಅರ್ಧ ಗಂಟೆಯಾಗಿರುತ್ತದೆ, ವ್ಯಾನು ಆಸ್ಪತ್ರೆ ಸೇರಿ ಒಗೆದ ಬಟ್ಟೆಯ ಮೂಟೆ ಇಳಿಸುತ್ತಿರುತ್ತದೆ, ಇವನು ಮಾತ್ರ ಇಲ್ಲಿ ಹಲ್ಲು ಕಚ್ಚಿಕೊಂಡು ಬ್ರೇಕು ಹಾಕುತ್ತಿರುತ್ತಾನೆ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂದರೆ ಇದೇ. ಸಂಜೆ ಮನೆಯಲ್ಲಿ ಹೆಂಡತಿ ಅವನ ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತ ಬೈಯುತ್ತಾಳೆ.

"ಕುರ್ಚಿ ಮೇಲೆ ಕೂತು ಮಾಡೋ ಕೆಲಸಕ್ಕೆ ಕಾಲು ನೋಯಿಸ್ಕೊಂಡು ಬರೋರು ಈ ಭೂಮಿ ಮೇಲೆ ನೀವೊಬ್ರೇ ಕಣ್ರೀ."

ಇಪ್ಪತ್ತೊಂಬತ್ತು ವರ್ಷ ಅವನೂ ವ್ಯಾನು ಓಡಿಸಿದವನೇ. ಆಮೇಲೆ ಎಡಗಣ್ಣಿಗೆ ಪೊರೆ ಬಂತು. ಆಪರೇಷನ್ ಮಾಡಿಸಿದರೂ ಕಣ್ಣು ಪೂರ್ತಿ ತಿಳಿಯಾಗಲಿಲ್ಲ, ಲೈಸೆನ್ಸು ರಿನ್ಯೂ ಆಗಲಿಲ್ಲ. ಕೀಲಿ ವಾಪಸು ಕೊಟ್ಟ ದಿನ ಅವನು ಯಾರ್ಡಿನ ನಲ್ಲಿಯ ಹತ್ತಿರ ನಿಂತು ಮುಖ ತೊಳೆದೇ ತೊಳೆದ. ಅಳುತ್ತಿದ್ದಾನೆ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಹತ್ತಿರ ಹೋಗಲಿಲ್ಲ. ಅದೇ ತಿಂಗಳು ಕಂಪನಿ ಎಲ್ಲ ವ್ಯಾನುಗಳಿಗೂ ಕ್ಯಾಮೆರಾ ಹಾಕಿಸಿತು, ನೋಡಿಕೊಳ್ಳಲು ಒಬ್ಬರು ಬೇಕಾಯಿತು. ಮ್ಯಾನೇಜರು ಅವನನ್ನು ಕರೆದು ಕುರ್ಚಿ ತೋರಿಸಿದ. ನಮ್ಮವನೇ ಕೂತ, ಇನ್ನು ಭಯವಿಲ್ಲ ಎಂದು ಡ್ರೈವರುಗಳು ಒಳಗೊಳಗೇ ಖುಷಿಪಟ್ಟರು. ಪಾಪ, ಅವನು ಎಂಥ ಆಸಾಮಿ ಎಂದು ಅವರಿಗೆ ಪೂರ್ತಿ ಗೊತ್ತಿರಲಿಲ್ಲ.

ಈ ಕ್ಯಾಮೆರಾ ಎಂಬುದು ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು. ಒಂದು ಕಣ್ಣು ರಸ್ತೆಯ ಕಡೆಗೆ, ಇನ್ನೊಂದು ಡ್ರೈವರಿನ ಮುಖದ ಕಡೆಗೆ. ದಿನವಿಡೀ ನೋಡಿದ್ದನ್ನೆಲ್ಲ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಆದರೆ ಡ್ರೈವರು ಜೋರಾಗಿ ಬ್ರೇಕು ಹಾಕಿದರೆ, ಗಕ್ಕನೆ ಸ್ಟೇರಿಂಗ್ ತಿರುಗಿಸಿದರೆ, ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಣ್ಣು ಕೆಳಗೆ ಹಾಕಿದರೆ ಕೀಂ ಎಂದು ಕಿರುಚಿ ಹನ್ನೆರಡು ಸೆಕೆಂಡಿನ ಕ್ಲಿಪ್ಪನ್ನು ಆಫೀಸಿಗೆ ಕಳಿಸಿಬಿಡುತ್ತದೆ. ಅದನ್ನು ನೋಡಿ ಬ್ರೇಕಣ್ಣ ಒಂದು ಬಣ್ಣದ ಗುರುತು ಹಾಕಬೇಕು. ತಪ್ಪಿಲ್ಲದಿದ್ದರೆ ಹಸಿರು, ಕರೆದು ಬುದ್ಧಿ ಹೇಳಿದರೆ ಸಾಕು ಎನ್ನಿಸಿದರೆ ಹಳದಿ, ನಿಜವಾದ ತಪ್ಪಾದರೆ ಕೆಂಪು. ಆರು ತಿಂಗಳಲ್ಲಿ ಮೂರು ಕೆಂಪು ಬಿದ್ದವರು ಕೀಲಿ ಕೊಟ್ಟು ಮೂರು ತಿಂಗಳು ಮಡಿಸುವ ಹಾಲಿಗೆ ಹೋಗಬೇಕು. ಅಲ್ಲಿ ಇಸ್ತ್ರಿ ಯಂತ್ರದಿಂದ ಬಿಸಿಬಿಸಿಯಾಗಿ ಬರುವ ಹೊದಿಕೆ, ಬೆಡ್‌ಶೀಟುಗಳನ್ನು ಮಡಿಸುತ್ತ ದಿನವಿಡೀ ನಿಂತಿರಬೇಕು. ಯಾವ ಕ್ಲಿಪ್ಪಿಗೆ ಯಾವ ಬಣ್ಣ ಎನ್ನುವುದು ಬ್ರೇಕಣ್ಣನಿಗೇ ಬಿಟ್ಟದ್ದು. ಮ್ಯಾನೇಜರು ನೋಡುವುದು ತಿಂಗಳ ಕೊನೆಯ ಪಟ್ಟಿಯನ್ನಷ್ಟೇ.

ಅವನು ಹಾಕಿದ ಮೊಟ್ಟಮೊದಲ ಕೆಂಪು ಬಿದ್ದದ್ದು ಅವನ ಜೀವದ ಗೆಳೆಯನಿಗೆ. ಆ ಗೆಳೆಯನನ್ನು ಎಲ್ಲರೂ ಗಡಿಯಾರ ಎನ್ನುತ್ತಾರೆ, ಯಾಕೆಂದರೆ ಅವನು ಯಾವ ಆಸ್ಪತ್ರೆಯ ಗೇಟಿಗೂ ಒಂದು ನಿಮಿಷ ತಡವಾಗಿ ಹೋದವನಲ್ಲ. ಆ ಹೆಸರು ಉಳಿಸಿಕೊಳ್ಳಲು ಒಂದು ದಿನ ಕೆಂಪು ದೀಪ ಹಾರಿಸಿಕೊಂಡು ಹೋಗಿದ್ದ. ಸುದ್ದಿ ಗೊತ್ತಾಗಿ ಕೋಣೆಗೆ ನುಗ್ಗಿದ.

"ಏನೋ ಇದು, ನನಗೇ ಹಾಕಿದೀಯಲ್ಲೋ?"

"ನಿನಗೇ ಕಣೋ. ಬೇರೆಯೋರಾಗಿದ್ರೆ ಎರಡು ಸಲ ನೋಡಿ ಹಾಕ್ತಿದ್ದೆ. ನಿನ್ನ ಬುದ್ಧಿ ಗೊತ್ತಲ್ಲ, ಒಂದೇ ಸಲ ಸಾಕಾಯ್ತು."

ಗಡಿಯಾರ ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟ. ಆದರೆ ಆ ಒಂದು ತಿಂಗಳಲ್ಲಿ ಬೇರೆ ವಿಷಯಗಳೂ ಡ್ರೈವರುಗಳ ಕಿವಿಗೆ ಬಿದ್ದವು. ಒಬ್ಬ ಡ್ರೈವರಿನದು ಹುಟ್ಟಾ ಸಣ್ಣ ಕಣ್ಣು. ಕ್ಯಾಮೆರಾ ದಿನಕ್ಕೆ ಹತ್ತು ಸಲ ಅವನು ನಿದ್ದೆ ಮಾಡುತ್ತಿದ್ದಾನೆಂದು ದೂರು ಕಳಿಸುತ್ತಿತ್ತು. ಬ್ರೇಕಣ್ಣ ಪ್ರತಿ ಸಲವೂ ಹಸಿರು ಒತ್ತಿ, ಕಾರಣ ಬರೆಯುವ ಜಾಗದಲ್ಲಿ "ಇವನು ಮದುವೆ ಫೋಟೋದಲ್ಲೂ ಹೀಗೇ ಇದ್ದಾನೆ, ಬೇಕಾದರೆ ತರಿಸಿ ನೋಡಿ" ಎಂದು ಬರೆದಿದ್ದ. ರಸ್ತೆಯ ಗುಂಡಿಗೆ ಹಾಕಿದ ಬ್ರೇಕಿಗೆ, ನಾಯಿಗೆ ಹಾಕಿದ ಬ್ರೇಕಿಗೆ, ಓಡಿಬಂದ ಚೆಂಡಿಗೆ ಹಾಕಿದ ಬ್ರೇಕಿಗೆ ಹಸಿರು ಕೊಟ್ಟದ್ದಲ್ಲದೆ ಪಕ್ಕದಲ್ಲಿ "ಶಹಬ್ಬಾಸ್" ಎಂದೂ ಬರೆಯುತ್ತಿದ್ದ. ಅವನ ಕೆಂಪಿಗೆ ಬೆಲೆ ಬಂದದ್ದು ಹೀಗೆ.

ಕುರ್ಚಿಗೆ ಬಂದ ಮೇಲೆ ಅವನೇ ಎರಡು ಪದ್ಧತಿ ಮಾಡಿದ್ದ. ಒಂದು, ಸೋಮವಾರದ ಸಿನಿಮಾ. ವಾರಕ್ಕೊಂದು ಕ್ಲಿಪ್ಪನ್ನು ಬೆಳಿಗ್ಗೆ ಎಲ್ಲ ಡ್ರೈವರುಗಳಿಗೂ ಶೆಡ್ಡಿನಲ್ಲಿ ತೋರಿಸುವುದು, ಡ್ರೈವರು ಏನು ಮಾಡಬೇಕಿತ್ತು ಎಂದು ಎಲ್ಲರೂ ಹೇಳುವುದು. ಯಾರ ಕ್ಲಿಪ್ಪು ಎಂದು ಮಾತ್ರ ಹೇಳುತ್ತಿರಲಿಲ್ಲ. ಮುಖ ಮುಚ್ಚಿ, ಸದ್ದು ತೆಗೆದು ಬರೀ ರಸ್ತೆ ತೋರಿಸುತ್ತಿದ್ದ. ಎರಡನೆಯದು ಫೋನಿನ ವಿಷಯ. ಆಫೀಸಿನ ಮ್ಯಾಪಿನಲ್ಲಿ ಒಂದೊಂದು ವ್ಯಾನೂ ಒಂದೊಂದು ಚುಕ್ಕಿ. ಓಡುತ್ತಿದ್ದರೆ ಹಸಿರು, ಎಂಜಿನ್ ನಿಂತಿದ್ದರೆ ಬೂದು. ಹಸಿರು ಚುಕ್ಕಿಗೆ ಯಾರೂ ಫೋನ್ ಮಾಡಬಾರದು. ಹೊಸ ವ್ಯಾನುಗಳದ್ದು ಇನ್ನೊಂದು ತರಲೆ. ಸಿಗ್ನಲಿನಲ್ಲಿ ನಿಂತರೆ ಎಂಜಿನ್ ತಾನೇ ಆರಿ ಚುಕ್ಕಿ ಬೂದಾಗುತ್ತದೆ, ವ್ಯಾನು ಎಲ್ಲೋ ಗೇಟು ಸೇರಿತು ಎಂದು ನೋಡುವವರು ಮೋಸ ಹೋಗುತ್ತಾರೆ. ಹಾಗಾಗಿ ಬ್ರೇಕಣ್ಣ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಮೇಲ್ಗಡೆ ಅಂಟಿಸಿದ್ದ: "ಬೂದು ಕಂಡರೆ ಅರವತ್ತು ಎಣಿಸಿ. ಆಮೇಲೆ ಫೋನ್. ತಪ್ಪಿದವರು ಈ ಕೋಣೆಯಲ್ಲಿ ಇರುವಂತಿಲ್ಲ." ಹಿಂದೆ ಅಲ್ಲಿದ್ದ ಗುಮಾಸ್ತನೊಬ್ಬ ಎರಡು ಸಲ ತಪ್ಪಿದ್ದ. ಅವನನ್ನು ಗೇಟಿನ ರಿಜಿಸ್ಟರಿಗೆ ಹಾಕಿಸಿದವನೂ ಬ್ರೇಕಣ್ಣನೇ.

ಇನ್ನು ಹದಿನೇಳನೇ ನಂಬರ್ ವ್ಯಾನಿನ ಮಾತು. ಅದನ್ನು ಓಡಿಸುವವಳು ಅವನ ಒಬ್ಬಳೇ ಮಗಳು.

ಓದು ಮುಗಿಸಿ ಅವಳು ಲಾಂಡ್ರಿಗೆ ಸೇರಿದ್ದು ಮಡಿಸುವ ಹಾಲಿಗೆ. ಎರಡು ವರ್ಷ ಆ ಹಬೆಯಲ್ಲಿ ನಿಂತು ಆಸ್ಪತ್ರೆಯ ಬೆಡ್‌ಶೀಟು ಮಡಿಸಿದಳು. ಹಾಲಿನ ಕಿಟಕಿಯಿಂದ ಯಾರ್ಡು ಕಾಣುತ್ತದೆ. ವ್ಯಾನುಗಳು ಹೊರಡುವ ಹೊತ್ತಿಗೆ ಅವಳ ಕೈ ನಿಂತುಹೋಗುತ್ತಿತ್ತು, ಮೇಲ್ವಿಚಾರಕಿಯಿಂದ ಬೈಸಿಕೊಳ್ಳುತ್ತಿದ್ದಳು. ಕೊನೆಗೆ ಒಂದು ದಿನ ಅಪ್ಪನ ಮುಂದೆ ನಿಂತು, "ನನಗೂ ಕಲಿಸು. ಆಗಲ್ಲ ಅಂದ್ರೆ ಬೇರೆ ಕಡೆ ಕಲೀತೀನಿ" ಎಂದಳು. ಭಾನುವಾರಗಳಲ್ಲಿ ಖಾಲಿ ಯಾರ್ಡಿನಲ್ಲಿ ಕಲಿಸಿದ. ಅವಳು ಓಡಿಸುತ್ತಿದ್ದಳು, ಇವನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ಒತ್ತುತ್ತಿದ್ದ. ಕಂಪನಿಯ ಪರೀಕ್ಷೆಯಲ್ಲಿ ಒಂದು ಸಲ ಫೇಲಾಗಿ ಎರಡನೇ ಸಲ ಪಾಸಾದಳು. ನಾಲ್ಕು ವರ್ಷದ ಹಿಂದೆ ಹದಿನೇಳರ ಕೀಲಿ ಅವಳ ಕೈಗೆ ಬಂತು.

ಮದುವೆಯಾಗಿ ಅವಳೀಗ ಊರಿನ ಇನ್ನೊಂದು ತುದಿಯಲ್ಲಿದ್ದಾಳೆ. ಎರಡು ಬಸ್ಸು ಬದಲಾಯಿಸಿ ಬರಬೇಕು, ತಿಂಗಳಿಗೊಂದು ಭಾನುವಾರ ಬಂದರೆ ಹೆಚ್ಚು. ಬೆಳಿಗ್ಗೆ ಅವಳು ವ್ಯಾನು ತೆಗೆದು ಹೋದ ಮೇಲೆ ಇವನ ಪಾಳಿ ಶುರು, ಮಧ್ಯಾಹ್ನ ಅವಳು ಬರುವ ಹೊತ್ತಿಗೆ ಇವನು ಪರದೆಯಿಂದ ಕಣ್ಣು ಕೀಳುವ ಹಾಗಿಲ್ಲ. ಸೋಮವಾರ ಬೇಗ ಬಂದರೂ ಸಿನಿಮಾದ ಕತ್ತಲಲ್ಲಿ ಅವಳು ಕೊನೆಯ ಬೆಂಚಿನ ಒಂದು ನೆರಳು ಅಷ್ಟೇ. ಸಾಲದ್ದಕ್ಕೆ, ಗೇಟಿನ ಒಳಗೆ ಅಪ್ಪನಿಲ್ಲ, ಮಗಳಿಲ್ಲ ಎಂದು ಮೊದಲ ದಿನವೇ ಅವನು ಕಟ್ಟಪ್ಪಣೆ ಮಾಡಿದ್ದ. ಮಗಳು ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಎದುರು ಸಿಕ್ಕರೆ ಎಲ್ಲರ ಹಾಗೆ "ನಮಸ್ಕಾರ ಬ್ರೇಕಣ್ಣೋರೇ" ಎಂದು ಮುಗುಳ್ನಕ್ಕು ಹೋಗಿಬಿಡುತ್ತಿದ್ದಳು. ತಾನೇ ಮಾಡಿದ ಅಪ್ಪಣೆ, ಯಾರಿಗೆ ದೂರುವುದು?

ಹೀಗಾಗಿ ಅವನು ಮಗಳ ಮುಖ ಕಣ್ತುಂಬ ನೋಡುತ್ತಿದ್ದದ್ದು ಕ್ಲಿಪ್ಪಿನಲ್ಲಿ. ಒಳ್ಳೆಯ ಡ್ರೈವರಿಗೆ ಕ್ಲಿಪ್ಪು ಬರುವುದಿಲ್ಲವಲ್ಲ, ಅವಳು ಒಳ್ಳೆಯ ಡ್ರೈವರು. ಹದಿನೇಳರಿಂದ ಕ್ಲಿಪ್ಪು ಬಂತೆಂದರೆ ಅವನ ಎದೆ ಝಲ್ಲೆನ್ನುತ್ತಿತ್ತು. ಬರದಿದ್ದರೆ ದಿನ ಸಾಗುತ್ತಿರಲಿಲ್ಲ. ಬಂದ ಕ್ಲಿಪ್ಪು ಹಸಿರಿನದಾದರೂ ನಾಲ್ಕು ಸಲ ನೋಡಿ, ಮನೆಗೆ ಹೋಗಿ ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ.

"ಅವಳಿಗೆ ನೆಗಡಿ ಆಗಿದೆ."

"ಮತ್ತೆ ಕ್ಲಿಪ್ ಬಂತಾ? ಏನು ಮಾಡಿದ್ಲು?"

"ಏನಿಲ್ಲ, ಸೀನಿದಳು. ಯಂತ್ರ ಹೆದರ್ಕೊಂಡಿತು."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವನ ಮುದ್ದು ಬಣ್ಣದ ಗುರುತಿನವರೆಗೆ ಬರುತ್ತಿರಲಿಲ್ಲ. ಈ ನಾಲ್ಕು ತಿಂಗಳಲ್ಲೇ ಅವಳಿಗೆ ಎರಡು ಕೆಂಪು ಹಾಕಿದ್ದ. ಒಂದು ಸಲ ಹೋಟೆಲಿನ ಹಿಂಬದಿಯಲ್ಲಿ ಕನ್ನಡಿ ನೋಡದೆ ರಿವರ್ಸ್ ತೆಗೆದು ಹೂಕುಂಡ ಒಡೆದಿದ್ದಳು. ಇನ್ನೊಂದು ಸಲ ಮುಂದಿನ ಕಾರಿಗೆ ತೀರಾ ಹತ್ತಿರ ಅಂಟಿಕೊಂಡು ಹೋಗಿದ್ದಳು. ಎರಡನೆಯ ಕೆಂಪಿನ ಸುದ್ದಿ ಕೇಳಿದ ಹೆಂಡತಿ ನಾಲ್ಕು ದಿನ ತುಟಿ ಪಿಟಕ್ಕೆನ್ನದೆ ಊಟ ಬಡಿಸಿದಳು. ಮೂರನೆಯದು ಬಿದ್ದರೆ ಮಗಳು ಮತ್ತೆ ಆ ಹಬೆಯ ಹಾಲಿಗೆ ಹೋಗಬೇಕು, ಅದೇ ಕಿಟಕಿಯಿಂದ ವ್ಯಾನು ನೋಡುತ್ತ ನಿಲ್ಲಬೇಕು ಎಂಬುದು ಮೂವರಿಗೂ ಗೊತ್ತಿತ್ತು.

ಅದಾದ ಮೇಲೆ ಮಗಳು ಕಣ್ಣಲ್ಲಿ ಕಣ್ಣಿಟ್ಟು ಓಡಿಸತೊಡಗಿದಳು. ಒಂದು ಕ್ಲಿಪ್ಪೂ ಇಲ್ಲ. ಹತ್ತು ದಿನ, ಹದಿನೈದು ದಿನ, ಹತ್ತೊಂಬತ್ತು ದಿನ. ಆ ತಿಂಗಳ ಭಾನುವಾರವೂ ಅವಳು ಮನೆಗೆ ಬಂದಿರಲಿಲ್ಲ, ಅತ್ತೆಗೆ ಮೈ ಸರಿ ಇರಲಿಲ್ಲವಂತೆ. ಹತ್ತೊಂಬತ್ತನೆಯ ದಿನ ಶುಕ್ರವಾರ. ಬೆಳಿಗ್ಗೆ ಹನ್ನೊಂದೂ ನಲವತ್ತರ ಸುಮಾರಿಗೆ ಬ್ರೇಕಣ್ಣ ಮ್ಯಾಪು ನೋಡುತ್ತಿದ್ದ. ಹೋಟೆಲಿನ ರಸ್ತೆಯಲ್ಲಿ ಹದಿನೇಳರ ಚುಕ್ಕಿ ಬೂದಾಯಿತು.

ಅವನು ಎಣಿಸಲು ಶುರು ಮಾಡಿದ. ಹೇಳಬೇಕಾದ್ದು ಏನೂ ಇರಲಿಲ್ಲ. ಸುಮ್ಮನೆ ಒಂದು ಸಲ ಅವಳ ದನಿ ಕೇಳಬೇಕು ಎನ್ನಿಸಿತ್ತು, ಅಷ್ಟೇ. ಇಪ್ಪತ್ತು ಎಣಿಸುವಾಗ ಕೈ ಫೋನಿನ ಮೇಲೆ ಬಂತು. ಮೂವತ್ತಕ್ಕೆ, ಹೋಟೆಲಿನ ಗೇಟು ಅಲ್ಲೇ ಇದೆಯಲ್ಲ, ಸೇರಿರುತ್ತಾಳೆ ಎಂದುಕೊಂಡ. ನಲವತ್ತಕ್ಕೆ ಅವಳ ನಂಬರು ಒತ್ತಿಬಿಟ್ಟ. ಅರವತ್ತು ಎಣಿಸಿ ಎಂದು ಊರಿಗೆಲ್ಲ ಹೇಳಿದ ಮನುಷ್ಯ ನಲವತ್ತಕ್ಕೇ ಜಾರಿದ. ಎರಡನೇ ರಿಂಗಿಗೆ ಪರದೆಯ ಮೇಲಿನ ಚುಕ್ಕಿ ಹಸಿರಾಯಿತು. ಅವನು ಕೈ ಸುಟ್ಟವನ ಹಾಗೆ ಫೋನು ಇಟ್ಟ. ಆ ಹೊತ್ತಿಗೆ ಪಕ್ಕದ ಪರದೆ ಕೀಂ ಎಂದಿತು, ಹದಿನೇಳರಿಂದ ಕ್ಲಿಪ್ಪು.

ಹೊರಗಿನ ಕಣ್ಣಿನಲ್ಲಿ ಸಿಗ್ನಲು ಬಿಟ್ಟದ್ದು ಕಂಡಿತು. ವ್ಯಾನು ಹೊರಟಿದೆ. ಎಡಗಡೆಯಿಂದ ಒಬ್ಬ ಪೇಂಟರು ಸೈಕಲ್ಲಿನ ಹಿಂದೆ ಬಕೆಟ್ಟು ಕಟ್ಟಿಕೊಂಡು ನಿಧಾನಕ್ಕೆ ಮಧ್ಯಕ್ಕೆ ಬರುತ್ತಿದ್ದಾನೆ. ಒಳಗಿನ ಕಣ್ಣಿನಲ್ಲಿ ಮಗಳ ಮುಖ, ಸ್ವಲ್ಪ ಸೊರಗಿದೆ. ಫೋನು ಗುಂಯ್ ಎಂದಿತು. ಅವಳು ಕಣ್ಣು ಕೆಳಗೆ ಹಾಕಿದಳು. ಮುಖವೆಲ್ಲ ಅರಳಿತು. "ಅಪ್ಪ" ಎಂದಳು, ಬೇರೆ ಯಾರಿಗೂ ಅಲ್ಲ, ತನಗೇ ಹೇಳಿಕೊಂಡ ಹಾಗೆ. ಮತ್ತೆ ಕಣ್ಣೆತ್ತಿದಳು, ಬ್ರೇಕು ಕಿರುಚಿತು, ಇಲ್ಲಿ ಇವನ ಕಾಲೂ ನೆಲಕ್ಕೆ ಊರಿತು. ಸೈಕಲ್ಲಿಗೂ ವ್ಯಾನಿಗೂ ಒಂದು ಗೇಣು ಅಂತರ. ಗಾಬರಿಗೆ ಪೇಂಟರು ವಾಲಿದ, ಬಕೆಟ್ಟು ಉರುಳಿತು, ರಸ್ತೆಯೆಲ್ಲ ಬಿಳಿ ಬಣ್ಣ. ಅಲ್ಲಿಗೆ ಹನ್ನೆರಡು ಸೆಕೆಂಡು ಮುಗಿಯಿತು.

ಮುಂದೇನಾಯಿತು? ಕ್ಲಿಪ್ಪು ಹೇಳುವುದಿಲ್ಲ. ಚುಕ್ಕಿ ಮತ್ತೆ ಬೂದಾಗಿ ನಿಂತಿತ್ತು. ಬ್ರೇಕಣ್ಣನಿಗೆ ಮತ್ತೆ ಫೋನ್ ಮಾಡಲು ಕೈ ಏಳಲಿಲ್ಲ. ಅರವತ್ತು ಎಣಿಸಿದ, ಇನ್ನೊಂದು ಅರವತ್ತು ಎಣಿಸಿದ. ಕೊನೆಗೆ ಆಫೀಸಿನ ಫೋನೇ ಹೊಡೆದುಕೊಂಡಿತು.

"ಹದಿನೇಳು. ಯಾರಿಗೂ ಏನೂ ಆಗಿಲ್ಲ. ಪೇಂಟ್ ಚೆಲ್ಲಿದೆ, ಅಷ್ಟೇ. ಆ ಅಣ್ಣನ್ನ ಎಬ್ಬಿಸಿ ಕೂರ್ಸಿ, ನೀರು ಕೊಟ್ಟಿದೀನಿ. ಬೈದು ಬೈದು ಈಗ ಸುಮ್ನಾಗಿದಾನೆ."

ಆಮೇಲೆ ಮ್ಯಾನೇಜರು ಬಾಗಿಲಲ್ಲಿ ತಲೆ ಹಾಕಿ, "ಏನಣ್ಣ, ಇವತ್ತು ವಿಶೇಷ ಏನಾದ್ರೂ?" ಎಂದ. ದಿನಾ ಕೇಳುವ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬ್ರೇಕಣ್ಣ ಫೋನನ್ನು ಮೇಜಿನ ಆಚೆ ತುದಿಗೆ ಸರಿಸಿದ. "ನೋಡ್ತಾ ಇದೀನಿ ಸರ್" ಎಂದ. ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಆಡಿದ ಮೊದಲ ಸುಳ್ಳು ಅದೇ ಇರಬೇಕು.

ಮೂರು ಗಂಟೆಗೆ ಮಗಳು ತಾನಾಗಿ ಕೋಣೆಗೆ ಬಂದಳು. ಅವಳ ಪ್ಯಾಂಟಿನ ಅಂಚಿಗೆ ಬಿಳಿ ಬಣ್ಣ ಮೆತ್ತಿತ್ತು. ಬಾಗಿಲು ಮುಂದಕ್ಕೆ ಹಾಕಿ ನಿಂತೇ ಮಾತಾಡಿದಳು.

"ಕೆಂಪು ಹಾಕಿ ಬ್ರೇಕಣ್ಣೋರೇ. ಕಣ್ಣು ತಪ್ಪಿತು ಅಂತ ಬರೀರಿ."

"ಯಾಕೆ ತಪ್ಪಿತು?"

"ತಪ್ಪಿತು ಅಷ್ಟೇ. ಎಲ್ಲೋ ನೋಡ್ದೆ."

"ಫೋನ್ ಬಂದಿತ್ತಲ್ಲ."

"ಯಾವ ಫೋನು?"

"ಸದ್ದು ಕೇಳ್ಸುತ್ತೆ ಕಣೇ ಇದರಲ್ಲಿ" ಎಂದ ಅವನು.

ಆಗ ಅವಳು ಗೇಟಿನ ಅಪ್ಪಣೆಯನ್ನು ಮುರಿದಳು. "ಅಪ್ಪ, ಇಲ್ಲಿ ಕೇಳು. ನಾನು ಮೂರು ತಿಂಗಳು ಮಡಿಸಿ ಮತ್ತೆ ವ್ಯಾನಿಗೆ ಬರ್ತೀನಿ. ನೀನು ಈ ಕುರ್ಚಿ ಬಿಟ್ರೆ ಮತ್ತೆ ಬರಲ್ಲ. ಮನೇಲಿ ಕೂತ್ರೆ ನೀನು ಒಂದೇ ವಾರಕ್ಕೆ ಮುದುಕ ಆಗ್ತೀಯ. ಫೋನಿನ ವಿಷಯ ಬರೀಬೇಡ. ನನ್ನಾಣೆ."

"ಮಡಿಸೋ ಹಾಲು ಅಂದ್ರೆ ನಿನಗೆ ಆಗಲ್ವಲ್ಲೇ."

"ಆಗಲ್ಲ. ಆದ್ರೂ ಹೋಗ್ತೀನಿ" ಎಂದು ಹೇಳಿ ಅವಳು ಹೊರಟುಹೋದಳು.

ಬ್ರೇಕಣ್ಣ ಪರದೆಯ ಮುಂದೆ ಕೂತ. ಮೂರು ಬಣ್ಣದ ಮೂರು ಗುಂಡಿ. ಹಸಿರು ಒತ್ತಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಮಗಳಿಗೆ ವ್ಯಾನು ಉಳಿಯುತ್ತದೆ, ತನಗೆ ಕುರ್ಚಿ ಉಳಿಯುತ್ತದೆ, ಪೇಂಟರು ಎಂದೋ ಮನೆ ಸೇರಿದ್ದಾನೆ. ಬೆರಳನ್ನು ಹಸಿರಿನ ಮೇಲೆ ಇಟ್ಟೂ ಇಟ್ಟ. ಗಡಿಯಾರನ ಮುಖ ನೆನಪಾಯಿತು. ಗೇಟಿನಲ್ಲಿ ರಿಜಿಸ್ಟರು ಬರೆಯುವ ಗುಮಾಸ್ತ ನೆನಪಾದ, ದಿನಾ ಬೆಳಿಗ್ಗೆ ಅವನು ಇವನಿಗೆ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ. ಬೆರಳು ತೆಗೆದ. ಯಾವ ಗುರುತನ್ನೂ ಹಾಕದೆ ಕಂಪ್ಯೂಟರು ಆರಿಸಿ ಮನೆಗೆ ಹೋದ.

ಹೆಂಡತಿಗೆ ಹೇಳಿದ್ದು ಶನಿವಾರ, ಅವಳು ತರಕಾರಿ ಹೆಚ್ಚುತ್ತಿದ್ದಾಗ. ಪೂರ್ತಿ ಕೇಳಿಸಿಕೊಂಡು ಅವಳು ಚಾಕು ಕೆಳಗಿಟ್ಟಳು.

"ನಿಮ್ಮ ಕುರ್ಚಿನೂ ಹೋಗುತ್ತೆ, ಅವಳ ವ್ಯಾನೂ ಹೋಗುತ್ತೆ. ಸತ್ಯ ಹೇಳಿ ಏನು ಗಿಟ್ಟಿಸ್ಕೋತೀರಿ?"

ಅವಳು ಮತ್ತೆ ಚಾಕು ಹಿಡಿದು ಎರಡು ಬದನೆಕಾಯಿ ಹೆಚ್ಚಿ, ತಲೆಯೆತ್ತದೆ ಅಂದಳು, "ಆ ಪೇಂಟರಿಗೂ ಮನೇಲಿ ಹೆಂಡ್ತಿ ಇರ್ತಾಳೆ ಅನ್ನಿ."

"ಇರ್ತಾಳೆ."

"ನಿಮಗೆ ಸರಿ ಕಂಡಿದ್ದು ಮಾಡಿ. ಆದರೆ ಮಾಡಿ ಬಂದು ನನ್ನ ಮುಂದೆ ಪೆಚ್ಚುಮೋರೆ ಹಾಕ್ಕೊಂಡು ಕೂರಬೇಡಿ, ಅಷ್ಟೇ."

ಸೋಮವಾರ ಬೆಳಿಗ್ಗೆ ಶೆಡ್ಡಿನಲ್ಲಿ ಎಂದಿನ ಹಾಗೆ ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿದರು. ಲಾಂಡ್ರಿಯಲ್ಲಿ ಬೆಡ್‌ಶೀಟಿಗೇನು ಬರ! ಡ್ರೈವರುಗಳು ಟೀ ಲೋಟ ಹಿಡಿದು ಬೆಂಚುಗಳ ಮೇಲೆ ಕೂತರು. ಮ್ಯಾನೇಜರು ಹಿಂದೆ ಗೋಡೆಗೆ ಒರಗಿ ನಿಂತ. ಮಗಳು ಕೊನೆಯ ಬೆಂಚಿನಲ್ಲಿದ್ದಳು. ಬ್ರೇಕಣ್ಣ ಕ್ಲಿಪ್ಪು ಹಾಕಿದ. ಆವತ್ತು ಅವನು ಮುಖ ಮುಚ್ಚಿರಲಿಲ್ಲ, ಸದ್ದು ತೆಗೆದಿರಲಿಲ್ಲ.

ಸಿಗ್ನಲು ಬಿಟ್ಟಿತು. ಫೋನು ಗುಂಯ್ ಎಂದಿತು. ಅಷ್ಟು ದೊಡ್ಡ ಬೆಡ್‌ಶೀಟಿನ ಮೇಲೆ ಹದಿನೇಳರ ಡ್ರೈವರಿನ ಮುಖ ಅರಳಿ "ಅಪ್ಪ" ಎಂದದ್ದನ್ನು ಶೆಡ್ಡಿಗೆ ಶೆಡ್ಡೇ ನೋಡಿತು, ಕೇಳಿತು. ಬ್ರೇಕು, ಪೇಂಟರು, ಬಿಳಿ ಬಣ್ಣ. ಯಾರೂ ಟೀ ಕುಡಿಯಲಿಲ್ಲ.

"ಏನು ಮಾಡಬೇಕಿತ್ತು?" ಎಂದು ಬ್ರೇಕಣ್ಣ ಕೇಳಿದ. ಪ್ರತಿ ಸೋಮವಾರ ಕೇಳುವ ಪ್ರಶ್ನೆ.

ಗಡಿಯಾರ ಗಂಟಲು ಸರಿಮಾಡಿಕೊಂಡ. "ಯಾರು, ಡ್ರೈವರಾ? ಫೋನ್ ಮಾಡಿದೋನಾ?"

"ಫೋನ್ ಮಾಡಿದೋನು."

"ಅರವತ್ತು ಎಣಿಸಬೇಕಿತ್ತು."

"ನಲವತ್ತಕ್ಕೆ ಮಾಡಿದ" ಎಂದ ಬ್ರೇಕಣ್ಣ. "ಆ ರಟ್ಟು ಬರೆದು ಅಂಟಿಸಿದೋನೂ ಅವನೇ. ಬೇಲಿನೇ ಎದ್ದು ಹೊಲ ಮೇಯ್ದಿದೆ. ಅದಕ್ಕೇ ಎಲ್ಲರ ಮುಂದೆ ಹೇಳ್ತಿದೀನಿ. ಈ ಕೆಂಪು ನನ್ನದು, ಈ ಹುಡುಗಿದಲ್ಲ."

ಮ್ಯಾನೇಜರು ಮುಂದೆ ಬಂದ. ಕೆಟ್ಟವನಲ್ಲ. ಆದಷ್ಟು ಮೆಲ್ಲಗೆ, ಒಂದು ದಾರಿ ಬಿಟ್ಟುಕೊಡುವವನ ಹಾಗೆ ಕೇಳಿದ, "ಏನೋ ಅವಸರದ ವಿಷಯ ಇತ್ತು ಅಲ್ವಾ ಅಣ್ಣ? ಮನೇಲಿ ಯಾರಿಗಾದ್ರೂ ಹುಷಾರಿರಲಿಲ್ವಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಬ್ರೇಕಣ್ಣ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡ.

"ಅವಸರ ಏನೂ ಇರಲಿಲ್ಲ ಸರ್. ಹತ್ತೊಂಬತ್ತು ದಿನ ಆಗಿತ್ತು ಇವಳ ಮುಖ ಕಣ್ತುಂಬ ನೋಡಿ. ಇವಳು ತಪ್ಪು ಮಾಡಿದ್ರೇ ನನಗೆ ಕಾಣೋದು. ಇವಳು ತಪ್ಪೇ ಮಾಡ್ತಿರಲಿಲ್ಲ."

ಶೆಡ್ಡಿನಲ್ಲಿ ಯಾರಿಗೆ ಎಲ್ಲಿ ನೋಡಬೇಕು ಎಂದು ತಿಳಿಯಲಿಲ್ಲ. ಸಣ್ಣ ಕಣ್ಣಿನ ಡ್ರೈವರು ಕಣ್ಣು ಪೂರ್ತಿ ಮುಚ್ಚಿಕೊಂಡ. ಕೊನೆಯ ಬೆಂಚಿನಿಂದ ಮಗಳು ಧಡಕ್ಕನೆ ಎದ್ದಳು. ಅವಳ ಮುಖ ಕೆಂಪಾಗಿತ್ತು, ಸಿಟ್ಟೋ ಅಳುವೋ ಹೇಳುವುದು ಕಷ್ಟ.

"ಅವರು ಹೇಳಿದ್ದನ್ನ ತಗೋಬೇಡಿ ಸರ್. ಫೋನು ಸಾವಿರ ಬರುತ್ತೆ. ನೋಡಬಾರದು ಅಂತ ಕಲಿಸಿದ್ದೂ ಇದೇ ಮನುಷ್ಯ. ನೋಡಿದ್ದು ನಾನು, ಕಣ್ಣು ನನ್ನದು."

"ನೀನು ಕೂತ್ಕೋ."

"ನಾನ್ಯಾಕೆ ಕೂತ್ಕೊಳ್ಳಲಿ? ಕೆಂಪು ನನ್ನದು."

"ಹೇಳಿದ ಮಾತು ಕೇಳೇ, ಫೋನ್ ಮಾಡಿದ್ದು ನಾನು."

"ವ್ಯಾನ್ ಓಡಿಸ್ತಿದ್ದದ್ದು ನೀನಾ ಅಪ್ಪ?"

ಇಪ್ಪತ್ತೆರಡು ಜನರ ನಡುವೆ ಅಪ್ಪ ಮಗಳು ತಪ್ಪಿಗಾಗಿ ಕಿತ್ತಾಡತೊಡಗಿದರು. ತಪ್ಪು ನಿನ್ನದು ಎಂದು ಹೊಡೆದಾಡುವವರನ್ನು ಮ್ಯಾನೇಜರು ದಿನಾ ನೋಡುತ್ತಾನೆ, ತಪ್ಪು ನನ್ನದು ಎಂದು ಜಗಳವಾಡುವವರನ್ನು ನೋಡಿದ್ದು ಅದೇ ಮೊದಲು. "ಸಾಕು!" ಎಂದು ಕೈಯೆತ್ತಿದ. "ನಿಮ್ಮಿಬ್ಬರಿಗೆ ತೂಗಿ ಹಂಚೋಕೆ ನಾನು ತಕ್ಕಡಿ ತರಲಾ? ಗುರುತು ಕೆಂಪೇ, ಇಬ್ಬರದೂ. ರಟ್ಟಿನ ಮೇಲೆ ಬೇರೆಯೋರಿಗೆ ಬರೆದಿಟ್ಟಿದ್ದು ನಿಮಗೂ ನಡೀಬೇಕು ಅಣ್ಣ. ಇಬ್ಬರೂ ಮೂರು ತಿಂಗಳು ಮಡಿಸೋ ಹಾಲಿಗೆ ಹೋಗಿ." ಆಮೇಲೆ ಸುತ್ತ ನೋಡಿ, "ಕುರ್ಚಿಗೆ ಗಡಿಯಾರ ಕೂರಲಿ" ಎಂದ. ಗಡಿಯಾರ ತನಗೇ ಕೆಂಪು ಬಿದ್ದವನ ಹಾಗೆ ಲೋಟ ಹಿಡಿದು ಕೂತುಬಿಟ್ಟ.

ಮೊದಲ ಎರಡು ದಿನ ಮಗಳು ಹಾಲಿನಲ್ಲಿ ಅವನ ಜೊತೆ ಒಂದು ಮಾತೂ ಆಡಲಿಲ್ಲ. ಹದಿನೇಳನ್ನು ಬೇರೆ ಯಾರೋ ಗೇಟಿನಿಂದ ಹೊರಗೆ ತೆಗೆಯುವಾಗ ಕಿಟಕಿಗೆ ಬೆನ್ನು ಮಾಡಿ ನಿಂತಳು. ಅವಳ ಕುತ್ತಿಗೆ ಬಿಗಿದದ್ದನ್ನು ಅವನು ಹಿಂದಿನಿಂದ ನೋಡಿದ. ಸಮಾಧಾನ ಹೇಳಲು ಯಾವ ಮುಖ ಇಟ್ಟುಕೊಂಡು ಹೋಗುವುದು? ಚಿ‌ಕ್ಕ ಟವೆಲುಗಳ ಮೇಜಿನಲ್ಲಿ ತೆಪ್ಪಗೆ ತನ್ನ ಪಾಡಿಗೆ ಮಡಿಸುತ್ತಿದ್ದ.

ಮೂರನೆಯ ದಿನ ಹೋಟೆಲಿನ ದೊಡ್ಡ ಬೆಡ್‌ಶೀಟುಗಳ ರಾಶಿ ಬಂತು. ಅವುಗಳನ್ನು ಒಬ್ಬರು ಮಡಿಸಲು ಆಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಹಿಂದೆ ಸರಿದು ಬಿಗಿ ಎಳೆಯಬೇಕು, ಅಂಚಿಗೆ ಅಂಚು ಕೂಡಿಸಬೇಕು, ಆಮೇಲೆ ಒಬ್ಬರ ಕಡೆಗೆ ಇನ್ನೊಬ್ಬರು ನಡೆದು ಬಂದು ತುದಿ ಒಪ್ಪಿಸಬೇಕು. ಮೇಲ್ವಿಚಾರಕಿ ಜೋಡಿಗಳನ್ನು ಕೂಗುತ್ತ ಬಂದಳು. ಎಲ್ಲರಿಗೂ ಜೋಡಿ ಸಿಕ್ಕಿ ಉಳಿದವರು ಇವರಿಬ್ಬರೇ. ಮಗಳು ಒಂದು ಬೆಡ್‌ಶೀಟು ಕೊಡವಿ ಆ ತುದಿಯನ್ನು ಅವನ ಕಡೆಗೆ ಎಸೆದಳು.

"ಎರಡು ಮೂಲೆ ಹಿಡಿ. ಹಾಗಲ್ಲ, ಹೆಬ್ಬೆರಳು ಒಳಗೆ. ಹಿಂದೆ ಹೋಗು. ಇನ್ನೂ ಹಿಂದೆ. ಎಳಿ."

ಅವನು ಎಳೆದ. ಬಿಸಿ ಬಟ್ಟೆಯ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಅವನು. ಅವಳ ಹಣೆಯ ಮೇಲೆ ಬೆವರು, ಕಿವಿಯ ಹತ್ತಿರ ಒಂದು ಕೂದಲು ಅಂಟಿತ್ತು, ಕಣ್ಣ ಕೆಳಗೆ ಸಣ್ಣ ಕಪ್ಪು. ಅವಳು ನಾಲ್ಕು ಹೆಜ್ಜೆ ನಡೆದು ಬಂದು ಅವನ ಕೈಯಿಂದ ಮೂಲೆಗಳನ್ನು ಇಸಿದುಕೊಂಡಳು, ನೋಡಿದರೆ ಒಂದು ಅಂಚು ಇನ್ನೊಂದಕ್ಕಿಂತ ಮೊಳ ಉದ್ದ. ಬಿಚ್ಚಿ ಮತ್ತೆ ಹಿಡಿದರು. ಮತ್ತೆ ಸೊಟ್ಟ. ಮೂರನೇ ಸಲವೂ ಸೊಟ್ಟ. ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಮಗಳು ಬೆಡ್‌ಶೀಟಿನ ಆ ಕಡೆಯಿಂದ ಅವನನ್ನೇ ಒಂದು ಗಳಿಗೆ ನೋಡಿದಳು, ಬಿಗಿದುಕೊಂಡಿದ್ದ ತುಟಿ ಸಡಿಲವಾಯಿತು.

"ಅಪ್ಪ, ನನ್ನ ಮುಖ ನೋಡ್ಬೇಡ. ಅಂಚು ನೋಡು."

"ಹೂಂ" ಎಂದ ಅವನು, ಮತ್ತೆ ಎರಡು ಮೂಲೆ ಹಿಡಿದು ಹಿಂದೆ ಸರಿದ. ಆ ಬೆಡ್‌ಶೀಟೂ ಸೊಟ್ಟವಾಯಿತು.